ಕಾಗೆ ಬಾರದ ತಾರಸಿ

ನಮ್ಮ ಬನಶಂಕರಿ ಮನೆಯ ತಾರಸಿಗೆ ಹದಿನಾಲ್ಕು ಬಗೆಯ ಹಕ್ಕಿಗಳು ಬರುತ್ತವೆ. ತೂಗುಹಾಕಿದ ತಟ್ಟೆಗಳಲ್ಲಿ ನವಣೆ, ಪಪ್ಪಾಯಿ ಇಟ್ಟು, ಬಂದವನ್ನೆಲ್ಲ ಗುರುತಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕೆಳಗಿನ ಮನೆಯ ವೇಣು ಒಮ್ಮೆ ಪಿಕಳಾರವನ್ನು ಗುಬ್ಬಿ ಎಂದ. ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದೆ. ತಪ್ಪು ಹೆಸರು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ.

ಕಾಗೆಗಳನ್ನು ಕಂಡರೂ ಆಗುತ್ತಿರಲಿಲ್ಲ. ಬಣ್ಣದ ಹಕ್ಕಿಗಳನ್ನು ಓಡಿಸುತ್ತಿದ್ದವು. ವರ್ಷವಿಡೀ ಪೈಪಿನಿಂದ ನೀರು ಹೊಡೆದೆ. ಕೊನೆಗೆ ನನ್ನ ತಾರಸಿಯ ಕಡೆ ತಲೆ ಹಾಕುವುದನ್ನೇ ಬಿಟ್ಟವು. ದೊಡ್ಡ ಸಾಧನೆ ಎಂದುಕೊಂಡಿದ್ದೆ.

ಆಮೇಲೆ ಪಿತೃಪಕ್ಷ ಬಂತು.

ದೊಡ್ಡಪ್ಪ ತೀರಿಕೊಂಡ ಮೇಲೆ ಮೊದಲ ಎಡೆ. ಹೆತ್ತವರು ಹೋದಾಗ ನನಗೆ ಎರಡು ವರ್ಷ. ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮ ಸಾಕಿದರು. ಹಾಗಾಗಿ ಎಡೆ ಇಡುವವನು ನಾನೇ. “ತಮ್ಮನ ಮಗ ಇಟ್ರೆ ಸಲ್ಲುತ್ತಾ?” ಎಂದು ನೆಂಟರು ಗೊಣಗಿದ್ದು ನನ್ನ ಕಿವಿಗೂ ಬಿದ್ದಿತ್ತು.

ತಾರಸಿಯ ಮೇಲೆ ಬಾಳೆಲೆ ಹಾಸಿ ಮುದ್ದೆ, ಕೋಳಿಸಾರು, ವಡೆ, ಬಾಳೆಹಣ್ಣು ಬಡಿಸಿದೆ. ಪಕ್ಕದಲ್ಲಿ ದೊಡ್ಡಪ್ಪನ ಬೀಡಿಕಟ್ಟು. ಕಾಗೆ ಮುಟ್ಟುವವರೆಗೂ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಗಂಟೆ ಎರಡಾಯಿತು. ಕಾಗೆಗಳು ಎದುರಿನ ಕರೆಂಟ್ ಕಂಬದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ನೀರಿನ ಟ್ಯಾಂಕಿನ ಹಿಂದೆ ಅಡಗಿ, ಕಾ ಕಾ ಎಂದು ಕರೆದೆ. ಒಂದೂ ಅಲುಗಲಿಲ್ಲ.

ದೊಡ್ಡಮ್ಮನಿಗೆ ಶುಗರ್. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದಳು.

“ಒಂದ್ ಲೋಟ ಹಾಲಾದ್ರೂ ಕುಡಿ ದೊಡ್ಡಮ್ಮ.”

“ನಿಮ್ ದೊಡ್ಡಪ್ಪ ಹಸ್ಕೊಂಡಿರೋವಾಗ ನಾನ್ ಹೆಂಗೋ ಕುಡೀಲಿ?”

ನನಗೆ ಅಳು ಬಂತು. ನನ್ನ ಕೈಯ ಎಡೆ ದೊಡ್ಡಪ್ಪನಿಗೇ ಬೇಡವೇನೋ ಎನಿಸಿತು.

ಎರಡೂವರೆಗೆ ಒಂದು ಕಪ್ಪು ಹಕ್ಕಿ ಬಂದು ಬಾಳೆಹಣ್ಣು ಕುಕ್ಕಿತು. ಕೆಂಪು ಕಣ್ಣು, ಮಾಸಲು ಹಸಿರು ಕೊಕ್ಕು, ಉದ್ದ ಬಾಲ. ಗಂಡು ಕೋಗಿಲೆ. ನೋಟ್‌ಬುಕ್ಕಿನಲ್ಲಿ ಒಂಬತ್ತನೇ ನಂಬರ್.

“ಕಾಗೆ ಬಂತೇನೋ ಸೀನು?” ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದಿದ್ದಳು.

“ಹೂಂ, ಕಾಗೆನೇ,” ಎಂದೆ.

ಕಣ್ಣು ಕಿರಿದು ಮಾಡಿ ನೋಡಿದಳು. “ಯಾರಿಗೋ ಕಿವಿ ಮೇಲೆ ಹೂ ಇಡ್ತೀಯ? ಕೋಗಿಲೆ ಕಣೋ ಅದು!”

ತಲೆ ತಗ್ಗಿಸಿದೆ. ಪೈಪಿನ ವಿಷಯವನ್ನೂ ಒಪ್ಪಿಕೊಂಡೆ. ದೊಡ್ಡಮ್ಮ ಬೈಯಲಿಲ್ಲ. ಆ ಹಕ್ಕಿ ಹಣ್ಣು ಮುಗಿಸುವವರೆಗೂ ನೋಡುತ್ತ ನಿಂತಳು.

“ಕಾಗೆ ಗೂಡಲ್ಲೇ ಉಂಡು ಬೆಳೆದಿದ್ದು ತಾನೇ? ಅದೂ ಆ ಮನೆ ಮಗನೇ. ಸಲ್ತು ಬಿಡು. ನಡಿ, ಎಲೆ ಹಾಕು.”

ಉಂಡ ಮೇಲೆ ನೋಟ್‌ಬುಕ್ಕು ತೆಗೆದೆ. ದಿನಾಂಕ, ಸಮಯ, ಕಣ್ಣಿನ ಬಣ್ಣ ಎಲ್ಲ ಸರಿಯಾಗಿ ಬರೆದೆ. ಹೆಸರಿನ ಜಾಗದಲ್ಲಿ ಮಾತ್ರ ಕಾಗೆ ಎಂದೇ ಬರೆದೆ.