ಕೋಳಿ ಕಾವಿಗೆ ಕೂತಿದೆ, ನಾವು ಕುಬಸಕ್ಕೆ ಹೊರಟಿದ್ದೇವೆ

ಕಾಶಿಬಾಯಿಯ ಕೆಂಪು ಕೋಳಿ ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ. ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಇಲ್ಲ. ಆದರೂ ರೆಕ್ಕೆ ಹರಡಿಕೊಂಡು ಕೂತೇ ಇದೆ. ಕೈ ಹತ್ತಿರ ತಂದರೆ ಮೈ ಉಬ್ಬಿಸಿಕೊಂಡು ಗುರ್ ಎನ್ನುತ್ತದೆ. ಸರಿಯಾಗಿ ಕಾಳು ತಿನ್ನುವುದಿಲ್ಲ, ಮೊಟ್ಟೆ ಇಡುವುದನ್ನಂತೂ ನಿಲ್ಲಿಸಿಯೇ ಬಿಟ್ಟಿದೆ. ಅದನ್ನು ನೋಡಿ ಚುಕ್ಕಿ ಕೋಳಿಯೂ ಪಕ್ಕದ ಮೂಲೆಯಲ್ಲಿ ಹಾಗೇ ಕೂತಿದೆ. ಕೋಳಿ ಸಾಕಿದವರಿಗೆಲ್ಲ ಈ ಪಾಡು ಗೊತ್ತಿರುವುದೇ. ನಾವು ಇದನ್ನು ಕಾವಿಗೆ ಕೂತಿದೆ ಎನ್ನುತ್ತೇವೆ. ನಾವಿರುವ ಮಹಾರಾಷ್ಟ್ರದ ವೇರೂಳಿನ, ಅಂದರೆ ಎಲ್ಲೋರಾದ, ಮರಾಠಿ ನೆರೆಯವರು ಇದನ್ನೇ ಖುಡುಕ್ ಎನ್ನುತ್ತಾರೆ.

ಕಾಶಿಬಾಯಿಯ ಗಂಡ ವಿಶ್ವನಾಥಪ್ಪ ಒಂದು ಪುಕ್ಕ ಕಿತ್ತುಕೊಂಡು ಹಿತ್ತಲಿಗೆ ಬಂದರು. ಅವರದು ದೇವಸ್ಥಾನದ ದಾರಿಯಲ್ಲಿ ಪೂಜಾ ಸಾಮಾನಿನ ಅಂಗಡಿ. ಬಿಲ್ವಪತ್ರೆ, ವಿಭೂತಿ, ಕರ್ಪೂರ ಎಲ್ಲ ಅಲ್ಲಿ ಸಿಗುತ್ತದೆ.

"ಹಿಡಿ ಅದನ್ನ. ಮೂಗಿನಾಗ ಈ ಪುಕ್ಕ ಚುಚ್ಚತೀನಿ. ಕಾವು ಗೀವು ಎಲ್ಲಾ ಮರೀತದ. ನಮ್ಮ ಅವ್ವ ಹಿಂಗೇ ಮಾಡತಿದ್ಳು."

"ಬ್ಯಾಡ್ರೀ, ಪಾಪ" ಎಂದಳು ಕಾಶಿಬಾಯಿ.

"ಹಂಗಾದ್ರ ಬಕೆಟ್ ನೀರಾಗ ಮುಳುಗ್ಸು."

ಅಷ್ಟರಲ್ಲಿ ಕಾಶಿಬಾಯಿಯ ಫೋನು ರಿಂಗಾಯಿತು. ಹುಮನಾಬಾದಿನಿಂದ ತಂಗಿ ಭಾಗ್ಯಶ್ರೀ.

"ಅಕ್ಕಾ, ಬರೂ ವಾರ ಕುಬಸ ಇಟ್ಟಾರ. ಹಸರ ಬಳಿ, ಹಸರ ಸೀರಿ ತಗೊಂಡ ಬರ್ತಿ ಹೌದಿಲ್ಲೋ?"

ಕಾಶಿಬಾಯಿ ಬುಟ್ಟಿಯಲ್ಲಿ ಕೂತ ಕೋಳಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾ ಬರೂದು ಆಗೂದಿಲ್ಲವ್ವಾ. ಮನ್ಯಾಗ ಕೋಳಿ ಅದಾವ."

"ಕೋಳಿ ಸಲುವಾಗಿ ಬರೂದಿಲ್ಲ ಏನ? ಅವ್ವ ಇಲ್ಲ ಅಕ್ಕಾ. ನೀ ಬರ್ಲಿಲ್ಲಂದ್ರ ನನ್ನ ಉಡಿ ಯಾರು ತುಂಬ್ತಾರ?"

ಫೋನು ಇಟ್ಟ ಮೇಲೆ ಕಾಶಿಬಾಯಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ತಂಗಿ ಮೊದಲ ಬಸುರಿ, ಕುಬಸವೆಂಬ ಈ ಸೀಮಂತಕ್ಕೆ ಉಡಿ ತುಂಬಲು ತವರಿನಿಂದ ಹೋಗಬೇಕಾದವಳು ಇವಳೊಬ್ಬಳೇ. ಹಾಗಿದ್ದೂ ಹೋಗುವುದಿಲ್ಲ ಎಂದಳಲ್ಲ, ಅದಕ್ಕೆ ಕಾರಣವಿತ್ತು.

ಹೋದ ಬೇಸಿಗೆಯಲ್ಲಿ ಇವರಿಬ್ಬರೂ ಒಂದು ಮದುವೆಗೆಂದು ಊರಿಗೆ ಹೋಗಿದ್ದರು. ಒಂದು ಬುಟ್ಟಿ ಜೋಳ ಸುರಿದು, ಒಂದು ಕೊಡದಲ್ಲಿ ನೀರಿಟ್ಟು, ಗೂಡಿಗೆ ಬೀಗ ಹಾಕಿಕೊಂಡು ಹೊರಟರು. ಊರಲ್ಲಾದರೆ ಕೋಳಿ ಬಿಟ್ಟು ಹೋದರೂ ನಡೆಯುತ್ತಿತ್ತು. ಓಣಿಯ ತುಂಬ ಅಣ್ಣತಮ್ಮಂದಿರ ಮನೆಗಳು, ಯಾರೋ ಕಾಳು ಹಾಕುತ್ತಿದ್ದರು, ಯಾರೋ ಗೂಡಿಗೆ ಸೇರಿಸುತ್ತಿದ್ದರು. ಇಲ್ಲಿ ಯಾರಿಗೂ ಹೇಳಿರಲೇ ಇಲ್ಲ. ಕೋಳಿಗಳು ಕಾಲು ತಾಗಿಸಿ ಕೊಡ ಉರುಳಿಸಿದವು. ಬಿಸಿಲು ಹೇಗಿತ್ತು ಎಂದು ನಿಮಗೇನು ಹೇಳುವುದು? ಇವರು ಬಂದು ಬೀಗ ತೆಗೆದಾಗ ಅರ್ಧಕ್ಕರ್ಧ ಕೋಳಿ ಸತ್ತುಬಿದ್ದಿದ್ದವು. ಅವತ್ತು ಕಾಶಿಬಾಯಿ ಅತ್ತದ್ದು ನಮ್ಮ ಗಲ್ಲಿಗೆಲ್ಲ ಕೇಳಿಸಿತ್ತು. ಇನ್ನು ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಅವತ್ತೇ ಆಣೆ ಹಾಕಿಕೊಂಡಳು.

ಯಾರಿಗೂ ಯಾಕೆ ಹೇಳಿರಲಿಲ್ಲ ಎಂದು ಕೇಳುತ್ತೀರಾ? ಅದು ವಿಶ್ವನಾಥಪ್ಪನವರ ಮರ್ಯಾದೆಯ ಪ್ರಶ್ನೆ. "ಶಿವನ ಬಾಗ್ಲಾಗ ಬೇಲ್‌ಪತ್ರಿ ಮಾರೂ ಮನಷ್ಯಾ ಮನ್ಯಾಗ ಕೋಳಿ ಸಾಕ್ಯಾನಂದ್ರ ಗಿರಾಕಿ ಏನಂದಾರು?" ಎನ್ನುವುದು ಅವರ ಮಾತು. ಹಿತ್ತಲಿಗೆ ತಗಡಿನ ಮರೆ ಕಟ್ಟಿ, ಕೋಳಿಗಳ ಸುದ್ದಿ ಹೊರಗೆ ಹೋಗದ ಹಾಗೆ ಕಾಪಾಡಿಕೊಂಡಿದ್ದರು. ಹುಂಜಕ್ಕೆ ಈ ಮರ್ಯಾದೆ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು!

ಕಾಶಿಬಾಯಿ ನಮ್ಮ ಮಹಿಳಾ ಸಂಘಕ್ಕೆ ಬಂದು ಕಣ್ಣೊರೆಸಿಕೊಂಡಾಗ ಅಲ್ಲಿ ನೀರಜಾ ಇದ್ದಳು. ಚಿಂಚೋಳಿ ಕಡೆಯ ಹುಡುಗಿ, ಇದೇ ಗಲ್ಲಿಯ ಸೊಸೆ. ಪಶು ಸಖಿಯ ತರಬೇತಿ ಪಡೆದು ಮನೆಮನೆಯ ಕೋಳಿ, ಆಡುಗಳಿಗೆ ಲಸಿಕೆ ಹಾಕಿಸುವ ಕೆಲಸ ಅವಳದು. ನೇರ ಹಿತ್ತಲಿಗೇ ಬಂದಳು.

"ಅಣ್ಣಾರ, ಮೊದಲ ಆ ಪುಕ್ಕ ಬಿಸಾಕ್ರಿ" ಎಂದಳು. "ಮೂಗು ಬಾತರ ಅದು ಉಸಿರು ಹ್ಯಾಂಗ ತಗೋಬೇಕು, ಕಾಳು ಹ್ಯಾಂಗ ತಿನಬೇಕು? ನೀರಾಗ ಮುಳುಗಿಸಿದ್ರೂ ಅಷ್ಟೇ, ಹೆದರಿ ಸೊರಗ್ತದ."

"ಮತ್ತ ಈ ರೋಗ ಹ್ಯಾಂಗ ಬಿಡ್ತದ?"

"ರೋಗ ಅಲ್ರೀ ಇದು. ತಾಯಿ ಆಗೂ ಆಸಿ. ಮರಿ ಬೇಕಂದ್ರ ಕುಂದರಸ್ರಿ, ಬ್ಯಾಡಂದ್ರ ತಂಪು ಮಾಡಿ ಎಬ್ಬಿಸ್ರಿ. ಎರಡೂ ನಿಮ್ಮ ಕೈಯಾಗೇ ಅದ."

ಕಾಶಿಬಾಯಿ ಕೆಂಪು ಕೋಳಿಯ ಬೆನ್ನು ಸವರಿದಳು. "ಇದರ ಮರಿ ಬೇಕು ನನಗ. ಭಾಳ ಛಲೋ ಕೋಳಿ. ಹೋದ ವರ್ಷ ಆ ಬಿಸಲಾಗೂ ಬದುಕಿದ್ದು ಇದು."

"ಹಂಗಾದ್ರ ಇದನ್ನ ಕುಂದರಸೂಣು. ಚುಕ್ಕಿ ಕೋಳೀನ ಎಬ್ಬಿಸೂಣು."

ನೀರಜಾ ಎರಡನ್ನೂ ಮಾಡಿಯೇ ತೋರಿಸಿದಳು. ನಾಶಿಕದ ದ್ರಾಕ್ಷಿ ತುಂಬಿ ಬರುವ ತೂತಿನ ಪ್ಲಾಸ್ಟಿಕ್ ಕ್ರೇಟು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಅದನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ ನೆರಳಲ್ಲಿ ಇಟ್ಟಳು. ಹುಲ್ಲಿಲ್ಲ, ಹೊಟ್ಟಿಲ್ಲ. ಚುಕ್ಕಿ ಕೋಳಿಯನ್ನು ಅದರೊಳಗೆ ಬಿಟ್ಟು ಕಾಳು, ನೀರು ಇಟ್ಟು ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿದಳು.

"ಹೊಟ್ಟಿ ಕೆಳಗ ಗಾಳಿ ಆಡ್ಲಿ, ಕಾವು ತಾನೇ ಇಳೀತದ. ಮೂರು ನಾಕು ದಿನ ಸಾಕು. ಆದ್ರ ಕಾಳು ನೀರು ತಪ್ಪಸಬ್ಯಾಡ್ರಿ, ಇದು ಶಿಕ್ಷಾ ಅಲ್ಲ."

ಕೆಂಪು ಕೋಳಿಗೆ ಗೂಡಿನ ಮೂಲೆಯಲ್ಲಿ ಗೋಣಿಚೀಲದ ಪರದೆ ಕಟ್ಟಿದರು. ಅಗಲ ಬುಟ್ಟಿಗೆ ಹೊಟ್ಟು ಹಾಕಿ, ಹೇನು ಹತ್ತದಿರಲೆಂದು ಒಣಗಿದ ಬೇವಿನೆಲೆ ಸೇರಿಸಿದರು. ತಾಜಾ ಮೊಟ್ಟೆಗಳಲ್ಲಿ ಒಡಕಿಲ್ಲದ, ಹೊಲಸಿಲ್ಲದ, ತೀರಾ ದೊಡ್ಡದೂ ತೀರಾ ಸಣ್ಣದೂ ಅಲ್ಲದ ಹತ್ತನ್ನು ಆರಿಸಿ ಇದ್ದಿಲಿನಿಂದ ಗುರುತು ಮಾಡಿದರು. ಬೇರೆ ಕೋಳಿ ಬಂದು ಅಲ್ಲೇ ಮೊಟ್ಟೆ ಇಟ್ಟರೆ, ಗುರುತಿಲ್ಲದ್ದನ್ನು ತೆಗೆದುಬಿಡಬಹುದು. ಸಂಜೆ ಕೋಳಿ ಕೂತಿತು.

"ಇಪ್ಪತ್ತೊಂದು ದಿನಕ್ಕ ಮರಿ" ಎಂದಳು ನೀರಜಾ. "ಆ ಹೊತ್ತಿಗೆ ಅಕ್ಕ ಊರಿಂದ ಬಂದಿರ್ತಾರ. ಮರಿ ಒಡೆಯೂ ಹೊತ್ತಿನಾಗ ಮಾತ್ರ ಯಾರೂ ಮನಿ ಬಿಟ್ಟು ಹೋಗಬಾರ್ದು."

"ಊರಿಗಿ ಹೋಗೂದು ಎಲ್ಲೀದು?" ಎಂದಳು ಕಾಶಿಬಾಯಿ. "ದಿನಕ್ಕೊಮ್ಮೆ ಇದನ್ನ ಎಬ್ಬಿಸಿ ತಿನ್ನಸೋರು ಯಾರು? ಉಳಿದವಕ್ಕ ನೀರು ಇಡೋರು ಯಾರು?"

"ಸಂಜಿ ಕಡೆ ನಾ ಬರ್ತೀನಿ. ಗೂಡು ಮುಚ್ಚತೀನಿ, ತತ್ತಿ ತೆಗೀತೀನಿ. ಮುಂಜಾನಿ ನಾ ಲಸಿಕಿಗೆ ಹೋಗ್ಬೇಕು. ಮುಂಜಾನಿಗೆ ಒಬ್ಬರು ಬೇಕು. ವಾರಿಜಾಕ್ಷಿ ಅಕ್ಕನ್ನ ಕೇಳ್ರಿ."

ವಿಶ್ವನಾಥಪ್ಪ ಹೌಹಾರಿದರು. ವಾರಿಜಾಕ್ಷಿ ಗೋಡೆಯಾಚೆಗಿನ ಹೋಟೆಲಿನವರು. ಉಡುಪಿ ಕಡೆಯವರು. ಹೋಟೆಲಿನ ಬೋರ್ಡಿನ ಮೇಲೆ ಶುದ್ಧ ಶಾಕಾಹಾರಿ ಎಂದು ಮಾರುದ್ದದ ಅಕ್ಷರ.

"ಅವರಿಗಿ ಕೋಳಿ ಕಾಯ್ರಿ ಅನ್ನೂದ? ಹುಚ್ಚ ಹಿಡದದೇನು ನಿಮಗ?"

"ಹೋದ ಸಲ ನಿಮ್ಮ ಮರ್ಯಾದಿ ಕಾಯಾಕ ಹೋಗಿ ಏನಾಯ್ತು?" ಎಂದಳು ಕಾಶಿಬಾಯಿ. ದನಿ ಏರಿಸಲಿಲ್ಲ. "ಈ ಸಲ ತಂಗಿ ಉಡಿ ಖಾಲಿ ಇಡಬೇಕೇನು?"

ವಿಶ್ವನಾಥಪ್ಪ ಒಳಗೆ ಹೋದರು. ಟೋಪಿ ಹಾಕಿಕೊಂಡು ಹೋಟೆಲಿಗೆ ನಡೆದರು. ಒಂದು ಚಹಾ ಹೇಳಿದರು, ಕುಡಿದರು, ಇನ್ನೊಂದು ಹೇಳಿದರು. ಕೊನೆಗೆ ಗಲ್ಲಾದ ಹತ್ತಿರ ಹೋಗಿ, ಪಕ್ಕದವರಿಗೂ ಕೇಳಿಸದ ದನಿಯಲ್ಲಿ, "ನಮ್ಮ ಮನ್ಯಾಗ ಒಂದಿಷ್ಟು... ಕೋಳಿ ಅದಾವ್ರೀ" ಎಂದರು.

ವಾರಿಜಾಕ್ಷಿ ಅಡುಗೆಮನೆವರೆಗೂ ಕೇಳುವ ಹಾಗೆ ನಕ್ಕರು. "ಎಂತ ಮಾರಾಯ್ರೆ, ಅದನ್ನು ಇವತ್ತು ಹೇಳುವುದಾ? ನಿಮ್ಮ ಹುಂಜ ಕೂಗಿದ ಮೇಲೆಯೇ ನಾನು ಇಡ್ಲಿಗೆ ಒಲೆ ಹೊತ್ತಿಸುವುದು. ನನಗೆ ಅಲಾರಂ ಬೇರೆ ಇಲ್ಲ!"

"ಮತ್ತ ನಿಮಗ... ತಪ್ಪು ಅನ್ಸಲಿಲ್ಲೇನ್ರೀ?"

"ನನ್ನ ತಟ್ಟೆಯಲ್ಲಿ ಇಲ್ಲ, ಅಷ್ಟೇ. ನಿಮ್ಮ ಹಿತ್ತಲಲ್ಲಿ ಇದ್ದರೆ ನನಗೆಂತ ತೊಂದರೆ? ಹೋದ ವರ್ಷ ಒಂದು ಮಾತು ಹೇಳಿ ಹೋಗಿದ್ದರೆ ನಾನೇ ನೀರು ಇಡ್ತಿದ್ದೆ. ಅಷ್ಟು ಜೀವ ಉಳೀತಿತ್ತು." ಅವರ ಮುಖದಲ್ಲಿ ಈಗ ನಗು ಇರಲಿಲ್ಲ. "ಬೆಳಿಗ್ಗೆ ನಾನು ನೋಡ್ತೇನೆ. ಆದರೆ ಮೊಟ್ಟೆ ಮುಟ್ಟುವುದಿಲ್ಲ, ಮೊದಲೇ ಹೇಳಿದ್ದೇನೆ."

ಹೊರಡುವ ಹಿಂದಿನ ದಿನ ನೀರಜಾ ಹಟ ಹಿಡಿದು ಒಂದು ತಾಲೀಮು ಮಾಡಿಸಿದಳು. ಕಾಶಿಬಾಯಿ ಸುಮ್ಮನೆ ನಿಂತು ನೋಡಬೇಕು, ಕೆಲಸವೆಲ್ಲ ವಾರಿಜಾಕ್ಷಿಯವರೇ ಮಾಡಬೇಕು. ಹುಂಜ ಅವರ ಸೀರೆಯ ನೆರಿಗೆಗೆ ಕುಕ್ಕಿತು, ಅವರು ತುಳುವಿನಲ್ಲಿ ಏನೋ ಬೈದರು, ಹುಂಜ ಹಿಂದೆ ಸರಿಯಿತು. ಕೊಡದ ಬದಲು ಅಗಲವಾದ ಮಣ್ಣಿನ ಪಾತ್ರೆಗಳು ಬಂದವು. ಉರುಳದಂತೆ ಪ್ರತಿಯೊಂದರ ನಡುವೆ ಒಂದು ಕಲ್ಲು. ಒಂದರ ನೀರು ಚೆಲ್ಲಿದರೂ ಇನ್ನೊಂದು ಇರಲಿ ಎಂದು ಎರಡೆರಡು ಕಡೆ. ಕಾಶಿಬಾಯಿ ಒಂದೊಂದು ಹೊತ್ತಿನ ಕಾಳನ್ನೂ ಬೇರೆ ಬೇರೆ ಕಟ್ಟಿಟ್ಟಳು. ನೋಡಿಕೊಳ್ಳುವವರು ಅಳತೆಗೆ ತಲೆ ಕೆಡಿಸಿಕೊಳ್ಳಬಾರದು. ಹೋಟೆಲಿನ ಉಪ್ಪುಖಾರದ ಸಾಂಬಾರನ್ನ ಮಾತ್ರ ಹಾಕಬೇಡಿ ಎಂದು ಕೈಮುಗಿದಳು. ಬೆಕ್ಕು ನುಗ್ಗುವ ಸಂದಿಗೆ ವಿಶ್ವನಾಥಪ್ಪ ತಂತಿ ಜಾಲರಿ ಹೊಡೆದರು. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆಯನ್ನು ನೀರಜಾ ಮೊದಲೇ ಹಾಕಿಸಿದ್ದಳು. ಚುಕ್ಕಿ ಕೋಳಿಯೂ ಆಗಲೇ ಕ್ರೇಟಿನಿಂದ ಹೊರಬಂದು, ಕಾವಿನ ಹಟ ಮರೆತು ತಿಪ್ಪೆ ಕೆದಕುತ್ತಿತ್ತು.

ಕುಬಸದ ದಿನ. ಹುಮನಾಬಾದಿನಲ್ಲಿ ಮನೆ ತುಂಬ ಬೀಗರು. ಹಸಿರು ಸೀರೆ ಉಟ್ಟು ಭಾಗ್ಯಶ್ರೀ ಮಣೆಯ ಮೇಲೆ ಕೂತಿದ್ದಾಳೆ. ಕಾಶಿಬಾಯಿ ತಂಗಿಯ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದಳು. ಆಗ ವಿಶ್ವನಾಥಪ್ಪನವರ ಫೋನು ರಿಂಗಾಯಿತು. ವಾರಿಜಾಕ್ಷಿಯವರ ವಿಡಿಯೋ ಕಾಲು.

"ಮಾರಾಯ್ರೆ, ಈ ಕೆಂಪು ಕೋಳಿ ಕಾಳು ತಿಂದು ಬಂದು ಬೇರೆ ಖಾಲಿ ಬುಟ್ಟಿಯಲ್ಲಿ ಕೂತುಬಿಟ್ಟಿದೆ! ಮೊಟ್ಟೆ ಇರುವ ಬುಟ್ಟಿಯಲ್ಲಿ ಕೋಳಿ ಇಲ್ಲ. ತಣ್ಣಗಾದರೆ ಎಂತ ಮಾಡುವುದು? ನೀರಜಾ ಫೋನು ಎತ್ತುತ್ತಿಲ್ಲ."

ಕಾಶಿಬಾಯಿಯ ಕೈ ಉಡಿಯ ಮೇಲೆಯೇ ನಿಂತಿತು. ವಿಶ್ವನಾಥಪ್ಪ ಸುತ್ತ ನೋಡಿದರು. ಬೀಗರು, ಊರ ಹಿರಿಯರು ಎಲ್ಲರೂ ಇವರ ಕಡೆಯೇ ನೋಡುತ್ತಿದ್ದರು. ಫೋನು ಹಿಡಿದು ಹೊರಗೆ ಓಡಬಹುದಿತ್ತು. ಅವರು ಓಡಲಿಲ್ಲ. ಎಲ್ಲರ ನಡುವೆ ನಿಂತು ದೊಡ್ಡ ದನಿಯಲ್ಲಿ ಹೇಳಿದರು:

"ಹೆದರಬ್ಯಾಡ್ರೀ ಅಕ್ಕಾರ! ತತ್ತಿ ಮುಟ್ಟೂದು ಬ್ಯಾಡ, ಕೋಳೀನೇ ಎತ್ರಿ. ಎರಡೂ ಕೈಲೆ ರೆಕ್ಕಿ ಮ್ಯಾಲಿಂದ ಹಿಡೀರಿ. ಹಾಂ, ಹಂಗೇ! ಪರದಿ ಹಿಂದಿನ ಬುಟ್ಟಿಗಿ ಬಿಡ್ರಿ. ಆ ಖಾಲಿ ಬುಟ್ಟಿ ಹೊರಗ ಒಗೀರಿ, ನಾಳಿಗಿ ಮತ್ತ ತಪ್ಪಬಾರ್ದು."

ಮೊಟ್ಟೆ ಮುಟ್ಟುವುದಿಲ್ಲ ಎಂದಿದ್ದ ವಾರಿಜಾಕ್ಷಿ ಕೆಂಪು ಕೋಳಿಯನ್ನು ಎದೆಗೆ ಅವುಚಿಕೊಂಡು ನಡೆದರು. ಕೋಳಿ ತನ್ನ ಬುಟ್ಟಿಗಿಳಿಯಿತು, ಕೊಕ್ಕಿನಿಂದ ಮೊಟ್ಟೆಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು, ರೆಕ್ಕೆ ಹರಡಿತು. ಹುಮನಾಬಾದಿನ ಹೆಂಗಸರೆಲ್ಲ ಫೋನಿನ ಮೇಲೆ ಬಗ್ಗಿ ನೋಡಿ ಚಪ್ಪಾಳೆ ಹೊಡೆದರು.

"ಯಾರ ಕೋಳಿರೀ ಇವು?" ಎಂದು ಒಬ್ಬ ಹಿರಿಯರು ಕೇಳಿದರು.

"ನಮ್ಮವು" ಎಂದರು ವಿಶ್ವನಾಥಪ್ಪ. "ನನ್ನ ಹೆಂಡ್ತಿ ಸಾಕ್ಯಾಳ." ಆ ಮಾತು ಕೇಳಿ ಕಾಶಿಬಾಯಿಯ ಕಣ್ಣು ತುಂಬಿ ಬಂತು. ಅವಳು ತಂಗಿಯ ಉಡಿಯನ್ನು ಪೂರ್ತಿ ತುಂಬಿದಳು.

ಅವರು ಮರಳಿ ಬಂದಾಗ ಒಂದು ಕೋಳಿಯೂ ಕಡಿಮೆಯಾಗಿರಲಿಲ್ಲ. ಸ್ವಲ್ಪ ದಿನ ಕಳೆದು ಕೆಂಪು ಕೋಳಿಯ ಹೊಟ್ಟೆಯಡಿಯಿಂದ ಚಿಂವ್ ಚಿಂವ್ ಕೇಳಿಸಿತು. ಹತ್ತರಲ್ಲಿ ಎಂಟು ಮರಿ! ವಾರಿಜಾಕ್ಷಿ ಆಗಷ್ಟೇ ಹೊರಬಂದ ಮರಿಯೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದು ಆವಾಗ ಮೊಟ್ಟೆ, ನಾನು ಮುಟ್ಟಲಿಲ್ಲ. ಈಗ ಮಗು, ಮುಟ್ಟಬಹುದು" ಎಂದರು. ವಿಶ್ವನಾಥಪ್ಪ ಹಿತ್ತಲಿನ ತಗಡು ಕಿತ್ತು ಹಾಕಿದ್ದಾರೆ. ಈಗ ಅಂಗಡಿಗೆ ಬಂದ ಗಿರಾಕಿ ಬಿಲ್ವಪತ್ರೆ ಕೊಂಡು ಹೊರಟರೆ, "ನಮ್ಮ ಮರಿ ನೋಡ್ಕೊಂಡು ಹೋಗ್ರಿ" ಎಂದು ತಡೆಯುತ್ತಾರೆ. ನಮಗೂ ಅಷ್ಟೇ ಹೆಮ್ಮೆ. ಈಗ ನಮ್ಮ ಗಲ್ಲಿಯಲ್ಲಿ ಯಾರೇ ಊರಿಗೆ ಹೊರಟರೂ ಕೋಳಿ ಯಾರು ನೋಡುತ್ತಾರೆ ಎಂಬುದು ಸಂಘದಲ್ಲಿ ಮೊದಲೇ ಗೊತ್ತಾಗಿರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೋಳಿ ಕಾವಿಗೆ ಕೂತರೆ ಅದನ್ನು ಹಿಂಸೆ ಮಾಡಬೇಡಿ. ಮರಿ ಬೇಕಾದರೆ ಒಳ್ಳೆಯ ಮೊಟ್ಟೆ ಕೊಟ್ಟು ಕೂರಿಸಿ, ದಿನಕ್ಕೊಮ್ಮೆ ಎಬ್ಬಿಸಿ ತಿನ್ನಿಸಿ, ತನ್ನ ಬುಟ್ಟಿಗೇ ಮರಳಿತೇ ಎಂದು ನೋಡಿ. ಬೇಡವಾದರೆ ಗಾಳಿಯಾಡುವ ಕ್ರೇಟಿನಲ್ಲಿ ಕಾಳು ನೀರು ಕೊಟ್ಟು ತಂಪು ಮಾಡಿ. ಊರಿಗೆ ಹೋಗಬೇಕೆಂದರೆ ಹೋಗಿ, ಉಡಿ ತುಂಬಿ, ಮದುವೆ ಉಣ್ಣಿ. ಹೊರಡುವ ಮುಂಚೆ ಗೂಡಿನ ಬೀಗ ಹುಡುಕುತ್ತಾ ನಿಲ್ಲಬೇಡಿ. ಪಕ್ಕದ ಮನೆಯ ಬಾಗಿಲು ತಟ್ಟಿ, ನಾಚಿಕೊಳ್ಳದೆ ಬಾಯಿ ಬಿಟ್ಟು ಕೇಳಿ.