ಮಾವನವರ ಪಾಲಿನ ಊಟ

ಸಂಜೆ ದೀಪ ಹಾಕುವ ಹೊತ್ತಿಗೆ ಸೊಸೆ ಉಪ್ಪು ಕಡಿಮೆ ಹಾಕಿದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಹಿಂಬದಿಯ ಕೋಣೆಗೆ ಹೋದಳು. ಒಳಗೆ ಹೋದವಳೇ ಚಿಲಕ ಹಾಕಿಕೊಂಡು ಮಂಚದ ಅಂಚಿಗೆ ಕುಳಿತಳು.

"ಏಳಿ ಮಾವ, ಬಿಸಿ ಇರುವಾಗ್ಲೇ ಕುಡಿದ್ಬಿಡಿ," ಎಂದು ಹೊರಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಆಮೇಲೆ ಚಮಚವನ್ನು ಬಟ್ಟಲಿಗೆ ತಾಗಿಸಿ ಸದ್ದು ಮಾಡುತ್ತಾ ಆ ಗಂಜಿಯನ್ನು ತಾನೇ ಕುಡಿಯತೊಡಗಿದಳು. ಮಂಚದ ಮೇಲೆ ಯಾರೂ ಇರಲಿಲ್ಲ. ಹಾಸಿಗೆಯ ನಡುವೆ ಒಬ್ಬ ಮನುಷ್ಯ ವರ್ಷಗಟ್ಟಲೆ ಮಲಗಿ ಮಾಡಿದ ತಗ್ಗು ಮಾತ್ರ ಇತ್ತು.

ಅತ್ತೆ ಎಂದೋ ಹೋಗಿದ್ದರು. ಮಾವ ತೀರಿಕೊಂಡು ತಿಂಗಳುಗಳೇ ಕಳೆದಿದ್ದವು. ನೀರು ಸರಬರಾಜು ಇಲಾಖೆಯಲ್ಲಿ ಪಂಪ್ ನಡೆಸುತ್ತಿದ್ದ ಅವರು ನಿವೃತ್ತರಾದ ಮೇಲೆ ಬರುತ್ತಿದ್ದ ಪಿಂಚಣಿಯಲ್ಲೇ ಆ ಮನೆ ಉಸಿರಾಡುತ್ತಿತ್ತು. ಮಗನಿಗೆ ಮೋಟರ್ ವೈಂಡಿಂಗ್ ಅಂಗಡಿ. ಕೆಟ್ಟ ಮೋಟರನ್ನು ರಿಪೇರಿ ಮಾಡಿಸುವ ಬದಲು ಎಸೆದು ಹೊಸದು ಕೊಳ್ಳುವ ಕಾಲ ಬಂದ ಮೇಲೆ ಅವನ ಅಂಗಡಿಗೆ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚು ಬರುತ್ತಿದ್ದವು. ಅಪ್ಪನಿಗೆ ಎದೆನೋವು ಬಂದಾಗ ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದವನು, ಅಲ್ಲಿಯೇ ಮಣ್ಣು ಮಾಡಿ ಒಬ್ಬನೇ ವಾಪಸು ಬಂದಿದ್ದ. ಬೀದಿಯ ತಿರುವಿನಲ್ಲಿ ಎದುರುಮನೆ ಅಜ್ಜಿ, "ಅಪ್ಪ ಹೇಗಿದಾರೋ?" ಎಂದು ಕೇಳಿದಾಗ ಅವನ ಬಾಯಿಂದ, "ಇದಾರೆ ಅಜ್ಜಿ," ಎಂಬ ಮಾತು ಬಂದುಬಿಟ್ಟಿತು. ಸತ್ತರು ಅನ್ನಲು ನಾಲಿಗೆ ಹೊರಳಿರಲಿಲ್ಲ, ಅಷ್ಟೇ. ಆದರೆ ಮನೆಯೊಳಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಆ ಮಾತಿಗೆ ಬೇರು ಇಳಿದಿತ್ತು.

"ಒಂದು ತಿಂಗಳ ಮಟ್ಟಿಗೆ ಕಣೇ. ಬಾಡಿಗೆ ಬಾಕಿ ತೀರಿದ ಮೇಲೆ ಆಫೀಸಿಗೆ ಹೋಗಿ ಹೇಳ್ಬಿಡ್ತೀನಿ," ಎಂದಿದ್ದ.

"ಪುಟ್ಟಿಗೆ?"

"ಅವಳಿಗೆ ಹೇಳಿದ್ರೆ ಅತ್ತು ಬೀದಿಗೆಲ್ಲ ಕೇಳಿಸ್ತಾಳೆ. ರಾತ್ರಿ ಆಂಬುಲೆನ್ಸಲ್ಲಿ ಕರ್ಕೊಂಡು ಬಂದ್ವಿ, ಮಾತು ನಿಂತಿದೆ, ಅಂಟು ಕಾಯಿಲೆ, ಒಳಗೆ ಹೋಗ್ಬಾರ್ದು ಅಂತ ಹೇಳು."

ಪುಟ್ಟಿ ಅವನ ತಂಗಿ. ಕೂದಲು ನರೆತರೂ ಆ ಮನೆಯಲ್ಲಿ ಅವಳು ಪುಟ್ಟಿಯೇ. ಚಿಕ್ಕವಳಿದ್ದಾಗ ಬಂದ ಜ್ವರದಲ್ಲಿ ಎರಡೂ ಕಣ್ಣು ಹೋಗಿದ್ದವು. ಕುರುಡು ಮಗಳಿದ್ದಾಳೆಂದು ತಿಳಿದರೆ ಮಗನಿಗೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಹೆತ್ತವರು ಅವಳನ್ನು ಶಾಲೆಗೂ ಕಳಿಸದೆ ಒಳಗೇ ಇಟ್ಟಿದ್ದರು. ಸೊಸೆಗೂ ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು "ದೂರದ ಸಂಬಂಧಿ" ಎಂದೇ ತೋರಿಸಿದ್ದರು. ಪುಟ್ಟಿಯ ಬಾಯಲ್ಲಿ "ಅಣ್ಣ" ಎಂಬ ಮಾತು ತಪ್ಪಿ ಬಂದ ದಿನ ಸೊಸೆಗೆ ನಿಜ ತಿಳಿದಿತ್ತು.

ತಿಂಗಳು ತುಂಬಿತು. ಬಾಡಿಗೆ ತೀರಿತು. ಆಫೀಸಿಗೆ ಮಾತ್ರ ಯಾರೂ ಹೋಗಲಿಲ್ಲ.

ದಿನವೂ ಸಂಜೆ ಪುಟ್ಟಿ ಗೋಡೆ ಸವರಿಕೊಂಡು ಬಂದು ಆ ಮುಚ್ಚಿದ ಬಾಗಿಲ ಮುಂದೆ ಕುಳಿತುಕೊಳ್ಳುತ್ತಿದ್ದಳು. ಒಳಗೆ ಸೊಸೆ ಗಂಜಿ ಕುಡಿಯುತ್ತಿದ್ದರೆ ಹೊರಗೆ ಅವಳು ಅಪ್ಪನಿಗೆ ಸುದ್ದಿ ಹೇಳುತ್ತಿದ್ದಳು. ಬೆಕ್ಕು ಮರಿ ಹಾಕಿದೆ, ನಲ್ಲಿ ಸೋರುತ್ತಿದೆ, ನೀವಿದ್ದಿದ್ದರೆ ಒಂದೇ ಏಟಿಗೆ ಸರಿ ಮಾಡುತ್ತಿದ್ದಿರಿ. ಮಾತು ಮುಗಿದ ಮೇಲೆ ಉತ್ತರಕ್ಕೆಂಬಂತೆ ಸುಮ್ಮನಾಗುತ್ತಿದ್ದಳು. ಆ ಮೌನ ತಡೆಯಲಾಗದೆ ಸೊಸೆ ಒಮ್ಮೆ ಮಂಚವನ್ನು ಕಿರುಗುಟ್ಟಿಸಿದಳು. ಇನ್ನೊಮ್ಮೆ ಮೆಲ್ಲಗೆ ಕೆಮ್ಮಿದಳು. ಕೆಮ್ಮಿದ ಮೇಲೆ ಅವಳಿಗೇ ಮೈ ಜುಮ್ಮೆಂದಿತು. ಆ ಕೆಮ್ಮು ಥೇಟ್ ಮಾವನದೇ ಆಗಿತ್ತು.

ಅಲ್ಲಿಂದಾಚೆಗೆ ಮನೆಯ ಗಾಳಿಯೇ ಬದಲಾಯಿತು. ಹಾಸಿಗೆಯ ತಗ್ಗನ್ನು ಅವಳು ಬೆಳಿಗ್ಗೆ ತಟ್ಟಿ ಸಮ ಮಾಡಿದರೆ ಸಂಜೆಗೆ ಅದು ಮತ್ತೆ ಮೂಡಿರುತ್ತಿತ್ತು. ತಾನೇ ಕುಳಿತು ಮೂಡಿಸಿದ್ದಿರಬೇಕು ಎಂದುಕೊಂಡರೂ ನಂಬಿಕೆ ಬರುತ್ತಿರಲಿಲ್ಲ. ಉಪ್ಪು ಕಡಿಮೆಯ ಗಂಜಿ ಅವಳಿಗೆ ರುಚಿಸತೊಡಗಿತು, ಉಪ್ಪು ಹಾಕಿದ ಊಟ ನಾಲಿಗೆಗೆ ಚುಚ್ಚುತ್ತಿತ್ತು. ಗಂಡನಂತೂ ಅಂಗಡಿಯಿಂದ ಬಂದವನೇ, ಪುಟ್ಟಿ ಹತ್ತಿರದಲ್ಲಿ ಇಲ್ಲದಿರುವಾಗಲೂ, "ಅಪ್ಪ ಊಟ ಮಾಡಿದ್ರಾ?" ಎಂದು ಕೇಳುವನು.

"ಮಾಡಿದ್ರು," ಎಂದು ಇವಳೂ ಹೇಳುವಳು.

ಹೇಳಿದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ಬೇರೆ ಕಡೆ ತಿರುಗುವರು.

ಒಂದು ದಿನ ಎದುರುಮನೆ ಅಜ್ಜಿ ರೋಗಿಗೆಂದು ಹಣ್ಣು ತಂದು ಕೊಟ್ಟಳು. ಸೊಸೆ ಹೊಲಿಯಲು ತಂದಿದ್ದ ಸಮವಸ್ತ್ರಗಳ ರಾಶಿಯ ನಡುವಿನಿಂದ ಏಳುವ ಮೊದಲೇ ಪುಟ್ಟಿ ಹೊಸಿಲಿಗೆ ಬಂದು, "ಅಪ್ಪ ಇವತ್ತು ಮಾತಾಡಿದ್ರು ಅಜ್ಜಿ. 'ಪುಟ್ಟೀ' ಅಂದ್ರು," ಎಂದಳು.

ಅಜ್ಜಿ ಕಣ್ಣೊರೆಸಿಕೊಂಡು ಹೋದಳು. ಸೊಸೆಯ ಕೈಯಲ್ಲಿದ್ದ ಸೂಜಿ ಬೆರಳಿಗೆ ಇಳಿದದ್ದು ಅವಳಿಗೆ ತಿಳಿಯಲಿಲ್ಲ. ಅವತ್ತು ಅವಳು ಕೋಣೆಗೆ ಕಾಲಿಟ್ಟೇ ಇರಲಿಲ್ಲ.

"ಯಾವಾಗ ಮಾತಾಡಿದ್ರು ಪುಟ್ಟಿ?"

"ನೀವು ನೀರು ಹಿಡೀತಿದ್ರಲ್ಲ ಅತ್ತಿಗೆ, ಆವಾಗ," ಎಂದಳು ಪುಟ್ಟಿ, ನಗುವಿಲ್ಲದ ಮುಖದಲ್ಲಿ.

ವರ್ಷಕ್ಕೊಮ್ಮೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಆಫೀಸಿನಲ್ಲಿ ಮುಖ ತೋರಿಸಬೇಕು. ಹಾಸಿಗೆ ಹಿಡಿದವರಿದ್ದರೆ ಆಫೀಸಿನವರೇ ಮನೆಗೆ ಬಂದು, ಮುಖ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ. ಆ ಸಮಯ ಬಂತು. ಸೊಸೆ ಗಂಡನ ಮುಂದೆ ಕುಳಿತು, "ಇನ್ನು ಸಾಕು. ಹೋಗಿ ಹೇಳ್ಬಿಡಿ. ನನಗೆ ಆ ಕೋಣೆ ಕಂಡ್ರೆ ಕೈಕಾಲು ತಣ್ಣಗಾಗುತ್ತೆ," ಎಂದಳು.

"ಹೇಳಿದ್ರೆ ಜೈಲು. ಪುಟ್ಟೀನ ಯಾರು ನೋಡ್ಕೋತಾರೆ? ನಾನೇನು ಶೋಕಿ ಮಾಡಿದೀನಾ? ಮೂರು ಹೊಟ್ಟೆ ತುಂಬಿಸಿದೀನಿ," ಎಂದ ಗಂಡ. ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. "ಇದೊಂದು ಸಲ ದಾಟಿದ್ರೆ ಆಯ್ತು. ನಾನು ನೋಡ್ಕೋತೀನಿ."

ಅವನು ನೋಡಿಕೊಂಡದ್ದು ಹೀಗೆ. ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಮುದುಕನೊಬ್ಬನನ್ನು ದುಡ್ಡು ಕೊಟ್ಟು ಕರೆತಂದು, ಗಡ್ಡ ಬೋಳಿಸಿ, ಅಪ್ಪನ ಬೂದು ಸ್ವೆಟರ್ ತೊಡಿಸಿ, ಹಾಸಿಗೆಯಲ್ಲಿ ಮಲಗಿಸಿದ. ಆ ತಗ್ಗು ಮುದುಕನಿಗೆ ಅಳತೆ ತೆಗೆದು ಮಾಡಿದಂತಿತ್ತು. ಹೊದಿಕೆ ಸರಿಮಾಡಲು ಹೋದ ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಅರೆಗತ್ತಲಲ್ಲಿ ಅಲ್ಲಿ ಮಾವನೇ ಮಲಗಿದ್ದರು.

ಮುದುಕ ಪಿಸುಗುಟ್ಟಿದ: "ಅಮ್ಮಾ, ಇದರ ಮೇಲೆ ಮಲಗಿದ್ದೋರು ಹೋಗ್ಬಿಟ್ಟಿದಾರಾ? ಎಷ್ಟು ಹೊದ್ದರೂ ಚಳಿ ಬಿಡ್ತಿಲ್ಲ."

ಅವಳು ಇನ್ನೊಂದು ಕಂಬಳಿ ತಂದು ಅವನ ಕುತ್ತಿಗೆಯವರೆಗೂ ಹೊದಿಸಿದಳು.

ಬಂದ ಅಧಿಕಾರಿ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಬಿಸಿಲಲ್ಲಿ ನಡೆದು ದಣಿದಿದ್ದಳು. ಪುಟ್ಟಿ ಅಡುಗೆಮನೆಯಿಂದ ನೀರಿನ ಲೋಟ ತಂದು, ಬಂದವರ ಉಸಿರು ಕೇಳಿಬಂದ ದಿಕ್ಕಿಗೆ ಸರಿಯಾಗಿ ಚಾಚಿದಳು. ಅಧಿಕಾರಿ ಲೋಟ ತೆಗೆದುಕೊಂಡು ಅವಳ ಕಣ್ಣನ್ನೇ ನೋಡಿದಳು.

"ಇವರು ಯಾರು? ನಮ್ಮ ದಾಖಲೆಯಲ್ಲಿ ಒಬ್ಬನೇ ಮಗ ಅಂತಿದೆ."

"ಮನೆ ಕೆಲಸಕ್ಕೆ ಇಟ್ಕೊಂಡಿದೀವಿ ಮೇಡಂ," ಎಂದುಬಿಟ್ಟ ಗಂಡ. "ಪಾಪ, ಕಣ್ಣಿಲ್ಲ. ದಿಕ್ಕಿಲ್ಲದವಳು."

ಪುಟ್ಟಿಯ ಮುಖದಲ್ಲಿ ಏನೂ ಅಲುಗಲಿಲ್ಲ. ಖಾಲಿ ಲೋಟಕ್ಕಾಗಿ ಕೈ ಚಾಚಿಕೊಂಡೇ ನಿಂತಿದ್ದಳು. ಸೊಸೆ ಆ ಕೈಯನ್ನೇ ನೋಡಿದಳು. ಒಳಗೆ ಸತ್ತವರು ಬದುಕಿ ಮಲಗಿದ್ದರು. ಇಲ್ಲಿ ಬದುಕಿರುವವಳು ಇಲ್ಲವೇ ಇಲ್ಲ.

ಎಲ್ಲರೂ ಕೋಣೆಗೆ ಹೋದರು. ಅಧಿಕಾರಿ ಫೋಟೋ ನೋಡಿ, ಮುದುಕನ ಮುಖ ನೋಡಿ, ಮತ್ತೆ ಫೋಟೋ ನೋಡಿದಳು. ಶಾಯಿಯ ಡಬ್ಬಿ ತೆರೆದಳು. ಗಂಡ ಮುದುಕನ ಹೆಬ್ಬೆರಳನ್ನು ಹಿಡಿದು ಎತ್ತಿದ.

"ಒತ್ತಬೇಡಿ," ಎಂದಳು ಸೊಸೆ.

ದನಿ ತನ್ನದೇ ಹೌದೋ ಅಲ್ಲವೋ ಎಂದು ಅವಳಿಗೇ ಅನುಮಾನ ಬಂತು. ಆದರೂ ನಿಲ್ಲಿಸಲಿಲ್ಲ. "ಇವರು ನಮ್ಮ ಮಾವ ಅಲ್ಲ ಮೇಡಂ. ನಮ್ಮ ಮಾವ ಆಸ್ಪತ್ರೇಲೇ ಹೋಗ್ಬಿಟ್ರು. ಅವರ ಪಾಲಿನ ಊಟ ಇಷ್ಟು ದಿನ ನಾನೇ ಉಂಡಿದೀನಿ. ಇವಳು ಕೆಲಸದವಳಲ್ಲ. ಅವರ ಮಗಳು."

ಗಂಡ ಗೋಡೆಗೆ ಒರಗಿ ಕುಸಿದ. ಮುದುಕ ಎದ್ದು ಸ್ವೆಟರ್ ಬಿಚ್ಚಿ ಮಂಚದ ಮೇಲಿಟ್ಟು, ಯಾರ ಕಡೆಯೂ ನೋಡದೆ ಹೊರಟುಹೋದ. ಆಗ ಬಾಗಿಲ ಬಳಿಯಿಂದ, ಗಾಯಗೊಂಡ ಪ್ರಾಣಿಯದಂತಹ ಒಂದು ಸದ್ದು ಬಂತು. ಪುಟ್ಟಿ ಅಳುತ್ತಿದ್ದಳು. ಸೊಸೆ ಓಡಿಹೋಗಿ ಹಿಡಿದುಕೊಂಡಳು.

"ತಪ್ಪಾಯ್ತು ಪುಟ್ಟಿ. ನಿನಗೆ ಹೇಳ್ಬೇಕಿತ್ತು."

"ನಂಗೆ ಮೊದಲ ದಿನಾನೇ ಗೊತ್ತಾಯ್ತು ಅತ್ತಿಗೆ. ಬಾಗಿಲಾಚೆ ಅಪ್ಪನ ಉಸಿರಿನ ಸದ್ದೇ ಇರ್ಲಿಲ್ಲ. ಕೆಮ್ಮಿದ್ದು ನೀವು ಅಂತಾನೂ ಗೊತ್ತಿತ್ತು."

"ಮತ್ತೆ ಮಾತಾಡಿದ್ರು ಅಂದ್ಯಲ್ಲ?"

"ಅಜ್ಜಿಗೆ ಅನುಮಾನ ಬಂದ ಹಾಗಿತ್ತು. ಅದಕ್ಕೆ ಅಂದೆ." ಅವಳು ಉಸಿರೆಳೆದುಕೊಂಡಳು. "ಅಪ್ಪ ಇದಾರೆ ಅಂತ ಇದ್ದಷ್ಟು ದಿನ ನಂಗೂ ಈ ಮನೇಲಿ ಒಂದು ತುತ್ತು. ಇಲ್ಲ ಅಂತಾದ್ರೆ ನಾನು ಎಲ್ಲಿಗೆ ಹೋಗ್ಲಿ? ಅದಕ್ಕೇ ಅಳಲಿಲ್ಲ. ಅತ್ರೆ ಅಪ್ಪ ಸತ್ತುಹೋಗ್ತಾರಲ್ಲ."

ಗಂಡ ತಲೆ ಎತ್ತಿದವನು ಮತ್ತೆ ತಗ್ಗಿಸಿದ.

ಅಧಿಕಾರಿ ಶಾಯಿಯ ಡಬ್ಬಿ ಮುಚ್ಚಿದಳು. ಆಮೇಲೆ ಮಂಚದ ಮೇಲೆ ಅಲ್ಲ, ನೆಲದ ಮೇಲೆಯೇ ಅವರ ಎದುರಿಗೆ ಕುಳಿತಳು.

"ನಾನು ಬರೆಯೋದನ್ನ ಬರೀಲೇಬೇಕು. ಸತ್ತ ಮೇಲೆ ತಗೊಂಡ ದುಡ್ಡೆಲ್ಲ ವಾಪಸು ಕಟ್ಟಬೇಕು. ಇವತ್ತು ನೀವಾಗಿಯೇ ಹೇಳಿದ್ದನ್ನೂ ಬರೀತೀನಿ. ಮುಂದಿನದು ಮೇಲಿನವರ ಕೈಲಿದೆ." ಪುಟ್ಟಿಯ ಕಡೆ ತಿರುಗಿದಳು. "ಈ ಕಣ್ಣು ಯಾವಾಗಿಂದ ಹೀಗೆ?"

"ನಡೆಯೋಕೆ ಕಲಿತ ಮೇಲೆ ಹೋಯ್ತಂತೆ," ಎಂದಳು ಪುಟ್ಟಿ.

"ಮದುವೆ? ಸಂಪಾದನೆ?"

"ಹೊಸಿಲು ದಾಟಿದ್ರೆ ತಾನೇ."

ಅಧಿಕಾರಿ ಗಂಡನನ್ನು ನೋಡಿದಳು. "ನೌಕರರು ತೀರಿಕೊಂಡ ಮೇಲೆ ಅವರ ಪಿಂಚಣಿಯ ಒಂದು ಪಾಲು ದುಡಿಯೋಕೆ ಆಗದ ಅಂಗವಿಕಲ ಮಕ್ಕಳಿಗೆ ಬರುತ್ತೆ. ಅವರು ಬದುಕಿರೋ ತನಕ. ನಿಮಗೆ ಯಾರೂ ಹೇಳಲಿಲ್ವಾ?"

"ಪುಟ್ಟಿ ಹೆಸರು ದಾಖಲೆಯಲ್ಲೇ ಇಲ್ವಲ್ಲ ಮೇಡಂ."

"ಈಗಲೂ ಸೇರಿಸಬಹುದು. ಮಗಳು ಅನ್ನೋದಕ್ಕೆ ಆಧಾರ ತೋರಿಸಬೇಕು. ವೈದ್ಯರ ಮಂಡಳಿ ಮುಂದೆ ಪರೀಕ್ಷೆ ಆಗಬೇಕು. ಓಡಾಟ ಇದೆ. ಸಿಕ್ಕೇ ಸಿಗುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಕೇಳೋದಕ್ಕೆ ಇವರಿಗೆ ಹಕ್ಕಿದೆ." ಎದ್ದು ನಿಂತು ಸೇರಿಸಿದಳು: "ಯಾರಾದ್ರೂ ಒಂದು ಸಲ ಬಂದು ಕೇಳಿದ್ದಿದ್ರೆ, ಇಷ್ಟೆಲ್ಲ ಬೇಕಿತ್ತಾ?"

ಅವಳು ಹೋದ ಮೇಲೆ ಗಂಡ ಎದುರುಮನೆಗೆ ಹೋಗಿ ಅಜ್ಜಿಯ ಮುಂದೆ ನಿಂತ. "ಅಪ್ಪ ಇಲ್ಲ ಅಜ್ಜಿ," ಎಂದ. ಅಷ್ಟು ದಿನ ಹೊರಳದ ನಾಲಿಗೆ ಅವತ್ತು ಹೊರಳಿತು. ಸಂಜೆಯ ಹೊತ್ತಿಗೆ ಬೀದಿಯವರು ಬಂದರು. ಕೆಲವರು ಬೈದರು. ಒಬ್ಬರು, "ಸತ್ತ ತಂದೇನ ಮಾರಿಕೊಂಡು ತಿಂದ," ಎಂದು ಅವನಿಗೆ ಕೇಳುವಂತೆಯೇ ಹೇಳಿದರು. ಅಜ್ಜಿ ಮಾತ್ರ ಪುಟ್ಟಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಳು ಅಳುವಷ್ಟು ಅಳಲು ಬಿಟ್ಟಳು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ವಿಚಾರಣೆಗೆ ಕರೆ ಬಂತು; ತಾವಾಗಿಯೇ ಒಪ್ಪಿಕೊಂಡದ್ದರಿಂದ ಜೈಲು ತಪ್ಪಿತು. ಅಂಗಡಿಯ ಅರ್ಧ ಸಾಮಾನು ಮಾರಬೇಕಾಯಿತು, ಉಳಿದ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿಗೆ ಸಿಕ್ಕಿತು. ಗಂಡ ಬೇರೆಯವರ ವರ್ಕ್‌ಶಾಪಿನಲ್ಲಿ ಕೂಲಿಗೆ ನಿಂತ. ಸೊಸೆ ಹೊಲಿಗೆ ಹೆಚ್ಚಿಸಿದಳು. ಗುಂಡಿ ಹಚ್ಚುವುದನ್ನು ಕಲಿಸಿ ಎಂದು ಪುಟ್ಟಿ ತಾನೇ ಕೇಳಿ ಕಲಿತಳು. ಅವಳು ಹಚ್ಚಿದ ಗುಂಡಿಗಳು ಕಿತ್ತುಬರುತ್ತಿರಲಿಲ್ಲ.

ವೈದ್ಯರ ಮಂಡಳಿಯಿಂದ ಕರೆ ಬಂದ ದಿನ ಮೂವರೂ ಬಸ್ಸು ಹತ್ತಿದರು. ಪುಟ್ಟಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಗಾಳಿಗೆ ಮುಖ ಒಡ್ಡಿದ್ದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಂಟುವವರು, ಕೈಯಿಲ್ಲದವರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬೆಂಚುಗಳ ತುಂಬ ಕುಳಿತಿದ್ದರು. ಇಷ್ಟು ಜನರನ್ನು ಇಷ್ಟು ದಿನ ಯಾವ ಯಾವ ಕೋಣೆಗಳಲ್ಲಿ ಇಟ್ಟಿದ್ದರೋ ಎಂದು ಸೊಸೆಗೆ ಅನಿಸಿತು.

ಪುಟ್ಟಿಯ ಸರದಿ ಬಂತು. ಬಾಗಿಲಲ್ಲಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: "ಜೊತೆಗೆ ಬಂದೋರು ಯಾರು? ಇವರಿಗೆ ಏನಾಗಬೇಕು?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಗಂಡ ಮುಂದೆ ಬಂದು ನಿಂತ.

"ಅಣ್ಣ! ನಾನು ಇವಳ ಒಡಹುಟ್ಟಿದ ಅಣ್ಣ," ಎಂದ. ಬೆಂಚುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಪುಟ್ಟಿ ಗಾಳಿಯಲ್ಲಿ ತಡಕಿ ಅವನ ತೋಳು ಹಿಡಿದುಕೊಂಡಳು.

"ಮೆಲ್ಲಗೆ ಹೇಳೋ ಮಾರಾಯ," ಎಂದಳು. "ನಂಗೆ ಕಣ್ಣು ಕಾಣ್ಸಲ್ಲ, ಕಿವಿ ಚೆನ್ನಾಗಿ ಕೇಳ್ಸುತ್ತೆ."