ಗಂಜಿ ಹಿಡಿದ ಗುಂಡಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ, ನನ್ನ ತಮ್ಮನಿಗೆ ನಾಲಿಗೆಯ ತುದಿಯಲ್ಲೇ ‘ಆಯ್ತು’. ಗಿರಾಕಿ ಬಂದು ನಾಳೆಗೆ ಬೇಕು ಎಂದರೂ ಆಯ್ತು, ಈಗಲೇ ಬೇಕು ಎಂದರೂ ಆಯ್ತು, ಹೋದ ವಾರ ಕೊಟ್ಟ ಪ್ಯಾಂಟು ನನ್ನದಲ್ಲ ಎಂದು ಜಗಳಕ್ಕೆ ಬಂದರೂ ಆಯ್ತು. ಬೀದಿಯವರು ಅವನನ್ನು ಆಯ್ತಪ್ಪ ಎಂದೇ ಕರೆಯುವುದು. ಅವನು ಆಯ್ತು ಎಂದದ್ದನ್ನೆಲ್ಲ ಆಗುವಂತೆ ಮಾಡುವ ಕರ್ಮ ಮಾತ್ರ ನನ್ನದು. ಅಪ್ಪ ಬಿಟ್ಟುಹೋದ ಇಸ್ತ್ರಿ ಅಂಗಡಿಯನ್ನು ನಾವಿಬ್ಬರೂ ಹೀಗೇ ನಡೆಸಿಕೊಂಡು ಬಂದೆವು. ಕೋಟು, ರೇಷ್ಮೆ ಅವನ ಮೇಜಿಗೆ. ಅಂಗಿ, ಹಾಸಿಗೆಯ ಹೊದಿಕೆ ನನ್ನ ಮೇಜಿಗೆ. ಅವನು ನಗುತ್ತಾ, ನಾನು ಬೈಯುತ್ತಾ.

ನಮ್ಮ ಮನೆಯಲ್ಲಿ ಎಲ್ಲರಿಗೂ ಕೈ ಜೋಮು ಹಿಡಿಯುತ್ತಿತ್ತು. ಅಪ್ಪನಿಗೆ, ದೊಡ್ಡಪ್ಪನಿಗೆ, ಆಮೇಲೆ ನನಗೆ, ತಮ್ಮನಿಗೆ. ಮಲಗಿದರೆ ಬೆರಳಲ್ಲಿ ಇರುವೆ ಹರಿದ ಹಾಗೆ, ಎದ್ದರೆ ಗುಂಡಿ ಹಾಕಿಕೊಳ್ಳಲೂ ಆಗದ ಹಾಗೆ. ಅದನ್ನು ಕಾಯಿಲೆ ಎಂದುಕೊಂಡಿದ್ದರೆ ತಾನೆ! ಕಸುಬು ಕೈಗೆ ಹತ್ತಿತು ಎಂದುಕೊಂಡೆವು. ನನ್ನ ಬೆರಳು ಮೊದಲ ಸಲ ಮರಗಟ್ಟಿದಾಗ ಅಪ್ಪ, “ಈಗ ನೋಡು, ನೀನು ನಿಜವಾಗ್ಲೂ ಇಸ್ತ್ರಿಯವಳಾದೆ” ಎಂದು ಬೆನ್ನು ತಟ್ಟಿದ್ದರು. ನಾನೂ ಬೀಗಿದ್ದೆ. ಅದೇ ಅಪ್ಪ ಮುಂದೆ ಕಾಲು ಊದಿಸಿಕೊಂಡು, ಎರಡು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಾ ಹೋಗಿಬಿಟ್ಟರು. ಜೀವಮಾನವಿಡೀ ನಿಂತು ದುಡಿದ ಕಾಲು ಊದದೆ ಇರುತ್ತದೆಯೇ ಎಂದು ಅದನ್ನೂ ಕಸುಬಿನ ತಲೆಗೇ ಕಟ್ಟಿದೆವು.

ನನ್ನ ಬಲಗೈ ಪೂರ್ತಿ ಕೈಕೊಟ್ಟಾಗ ಆಸ್ಪತ್ರೆಗೆ ಹೋದೆ. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ, ಸಣ್ಣ ಆಪರೇಷನ್ ಸಾಕು ಎಂದರು. ಅದರ ಹಿಂದಿನ ದಿನ ನನ್ನ ಹಾಸಿಗೆಯ ಹತ್ತಿರ ಒಬ್ಬ ಹುಡುಗಿ ಬಂದಳು. ಬಿಳಿ ಕೋಟು ಹಾಕಿದ್ದಳು, ಆದರೆ ಅದರ ಕಾಲರ್ ಒಂದು ಕಡೆ ಮುದುರಿ, ಒಂದು ಕಡೆ ನಿಂತು, ನೋಡಲಾರದೆ ನನ್ನ ಕೈ ಚಡಪಡಿಸಿತು. ತಾನು ಹೃದಯದ ಡಾಕ್ಟರು, ಒಂದು ಸಂಶೋಧನೆ ಮಾಡುತ್ತಿದ್ದೇನೆ ಎಂದಳು.

“ಅಮ್ಮಾ, ನಾಳೆ ನಿಮ್ಮ ಮಣಿಕಟ್ಟಿಂದ ಒಂದು ಚೂರು ಅಂಗಾಂಶ ತೆಗೀತಾರೆ. ಹೇಗಿದ್ರೂ ಎಸೆಯೋದೇ. ನಾನು ತಗೊಂಡು ಪರೀಕ್ಷೆ ಮಾಡ್ಲಾ?”

“ತಗೊಳಮ್ಮ, ನಾನೇನು ಅದನ್ನ ಮನೆಗೆ ತಗೊಂಡ್ಹೋಗಿ ಗೋಡೆಗೆ ನೇತುಹಾಕ್ಬೇಕಾ? ಆದ್ರೆ ಕೈಗೂ ಹೃದಯಕ್ಕೂ ಏನು ಸಂಬಂಧ?”

“ಇರಬಹುದೇನೋ ಅಂತಾನೇ ನಾವು ಹುಡುಕ್ತಿರೋದು” ಎಂದು ನಕ್ಕಳು.

ಕೈಯ ಹೊಲಿಗೆ ಬಿಚ್ಚಿಸಲು ಹೋದ ದಿನ ಅವಳೇ ಕಾಯುತ್ತಿದ್ದಳು. ನನ್ನ ಚೂರಿಗೆ ಒಂದು ಕೆಂಪು ಬಣ್ಣ ಹಾಕಿ, ವಿಶೇಷ ಬೆಳಕಿನಲ್ಲಿ ನೋಡಿದಾಗ ಹಸಿರಾಗಿ ಮಿಂಚಿತಂತೆ. ಹಾಗೆ ಮಿಂಚಬಾರದಂತೆ. ಲಿವರ್ ತಯಾರಿಸುವ ಒಂದು ಪ್ರೋಟೀನು ಕೆಲವರಲ್ಲಿ ಸರಿಯಾಗಿ ಮಡಿಚಿಕೊಳ್ಳದೆ ಮುರಿದು, ನರದ ಸುತ್ತ, ಸ್ನಾಯುವಿನ ಸುತ್ತ, ಕೊನೆಗೆ ಹೃದಯದಲ್ಲಿ ಹೋಗಿ ಕೂರುತ್ತದಂತೆ. ಅದಕ್ಕೆ ಅಮಿಲಾಯ್ಡ್ ಎಂದು ಹೆಸರು.

ನಾನು ಕಣ್ಣು ಕಣ್ಣು ಬಿಟ್ಟೆ. ಅವಳು, “ನೀವು ಬಟ್ಟೆಗೆ ಗಂಜಿ ಹಾಕ್ತೀರಲ್ಲ, ಅದು ಜಾಸ್ತಿ ಆದ್ರೆ ಏನಾಗುತ್ತೆ?” ಎಂದಳು.

“ಹಲಗೆ ಆಗುತ್ತೆ. ಬಗ್ಗೋದೇ ಇಲ್ಲ.”

“ಹೃದಯಾನೂ ಹಾಗೇ ಆಗುತ್ತೆ ಅಮ್ಮಾ. ನಿಮ್ಮದು ಈಗ ಚೆನ್ನಾಗೇ ಇದೆ, ಸ್ಕ್ಯಾನ್ ನೋಡಿದೀನಿ. ಆದ್ರೆ ಮನೇಲಿ ಇನ್ಯಾರಿಗಾದ್ರೂ ಹೀಗೆ ಕೈ ಜೋಮು ಹಿಡಿಯುತ್ತಾ?”

ನನಗೆ ತಕ್ಷಣ ತಮ್ಮನ ನೆನಪಾಯಿತು. ತಮ್ಮನ ಹೃದಯದ ಗೋಡೆ ದಪ್ಪವಾಗಿದೆ, ಬಿಪಿಯಿಂದ ಹಾಗಾಗಿದೆ ಎಂದು ಬೇರೆ ಡಾಕ್ಟರುಗಳು ಮಾತ್ರೆ ಕೊಡುತ್ತಲೇ ಇದ್ದರು. ಆ ಮಾತ್ರೆ ನುಂಗಿದರೆ ಅವನಿಗೆ ತಲೆ ಸುತ್ತುತ್ತಿತ್ತು. ಅಪ್ಪನ ಹಾಗೆಯೇ ಅವನ ಪಾದ ಊದಲು ಶುರುವಾಗಿತ್ತು.

ಮರುದಿನವೇ ಅವನನ್ನು ಎಳೆದುಕೊಂಡು ಹೋದೆ. ಮೂಳೆ ನೋಡಲು ಕೊಡುವ ಒಂದು ಇಂಜೆಕ್ಷನ್ ಕೊಟ್ಟು, ದೊಡ್ಡ ಯಂತ್ರದ ಕೆಳಗೆ ಮಲಗಿಸಿದರು. ಪರದೆಯ ಮೇಲೆ ಪಕ್ಕೆಲುಬುಗಳು ಮಸುಕಾಗಿ ಕಂಡವು. ಅವುಗಳ ನಡುವೆ ಅವನ ಹೃದಯ ಮೂಳೆಗಿಂತ ಜೋರಾಗಿ ಹೊಳೆಯುತ್ತಿತ್ತು. ಆ ಪ್ರೋಟೀನು ಹೃದಯದಲ್ಲಿ ಕೂತಿದ್ದರೆ ಹಾಗೆ ಹೊಳೆಯುತ್ತದಂತೆ. ಇದನ್ನೇ ಹೋಲುವ ಇನ್ನೊಂದು ಕಾಯಿಲೆಯಿದೆ, ಅದರ ಚಿಕಿತ್ಸೆಯೇ ಬೇರೆ ಎಂದು ರಕ್ತ, ಮೂತ್ರವನ್ನೂ ತೆಗೆದುಕೊಂಡು ನೋಡಿದರು. ಅದಲ್ಲ ಎಂದು ಗೊತ್ತಾದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇದು ವಂಶದಲ್ಲಿ ಬಂದದ್ದು, ನಿಮ್ಮಿಬ್ಬರಿಗೂ ಇದೆ, ತಮ್ಮನಿಗೆ ಹೃದಯಕ್ಕೆ ಇಳಿದಿದೆ ಎಂದಳು. ಅಪ್ಪನನ್ನು ಕೊಂದದ್ದು ಕಸುಬಲ್ಲ ಎಂದು ನನಗೆ ಆವತ್ತು ಗೊತ್ತಾಯಿತು. ಅಲ್ಲಿಯೇ ಕೂತು ಅತ್ತುಬಿಟ್ಟೆ. ಅವಳು ಅವಸರ ಮಾಡದೆ ನಾನು ಸುಧಾರಿಸಿಕೊಳ್ಳುವವರೆಗೂ ಕಾದಳು. ಆ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಹೊಸದೊಂದು ಔಷಧಿಯ ಪ್ರಯೋಗ ನಡೆಯುತ್ತಿತ್ತು. ಲಿವರ್ ಆ ಪ್ರೋಟೀನನ್ನೇ ಮಾಡದ ಹಾಗೆ ತಡೆಯುವ ಇಂಜೆಕ್ಷನ್ನು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಡಾಕ್ಟರಮ್ಮ ಇದನ್ನು ಬಿಡಿಸಿ ಬಿಡಿಸಿ ಹೇಳಿದಳು. ತಮ್ಮ ತಲೆಯಾಡಿಸಿ, ಯಥಾಪ್ರಕಾರ, “ಆಯ್ತು ಮೇಡಂ” ಎಂದ. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, “ಅಕ್ಕಾ, ಇಷ್ಟು ಒಳ್ಳೆ ಹುಡುಗಿ ನಂಗೆ ಉಪ್ಪುನೀರು ಚುಚ್ತಾಳಾ? ಸುಮ್ನೆ ಹಾಗೆ ಹೇಳ್ತಾರೆ ಅಷ್ಟೆ” ಎಂದ.

ಅಲ್ಲಿಂದ ಶುರುವಾಯಿತು ಅವನ ಘನಂದಾರಿ ಕೆಲಸ. ಪ್ರತಿ ಭೇಟಿಯಲ್ಲೂ ಇಂಜೆಕ್ಷನ್ ಆದ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಇಲ್ಲ. ಕಾಲು ಊದುತ್ತದೆಯೇ? ಇಲ್ಲವೇ ಇಲ್ಲ. ತಲೆ ಸುತ್ತುತ್ತದೆಯೇ? ಛೇ, ಎಲ್ಲಾದರೂ ಉಂಟೇ! ಆಮೇಲೆ ಉದ್ದನೆಯ ಮೊಗಸಾಲೆಯಲ್ಲಿ ಆರು ನಿಮಿಷ ನಡೆಸುತ್ತಿದ್ದರು, ಎಷ್ಟು ದೂರ ಹೋಗುತ್ತಾನೆ ಎಂದು ನೋಡಲು. ಅದಕ್ಕಾಗಿ ಇವನು ಹಿಂದಿನ ದಿನ ಸಂಜೆಗೆ ಮೊದಲೇ ಅಂಗಡಿಯಿಂದ ಮನೆಗೆ ಹೋಗಿ ಒರಗಿಬಿಡುತ್ತಿದ್ದ. ಅಲ್ಲಿ ಹಲ್ಲು ಕಚ್ಚಿ, ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ನಡೆದು, ಮುಗಿದ ಕೂಡಲೇ ಶೌಚಾಲಯಕ್ಕೆ ಹೋಗಿ ಗೋಡೆ ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದ. ಇದೆಲ್ಲ ಆಗ ನನಗೆ ತಿಳಿಯದು. ಅವನ ಹೆಂಡತಿಗೂ ತಿಳಿಯದು. “ಹೇಗಿತ್ತೋ?” ಎಂದರೆ, “ಫಸ್ಟ್ ಕ್ಲಾಸ್” ಎನ್ನುತ್ತಿದ್ದ. ನಾನು ನಂಬಿ, ಕಾಣದ ದೇವರಿಗೆಲ್ಲ ಕೈಮುಗಿಯುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ತಿರುಗಿ ನೋಡಿದರೆ ತಮ್ಮ ಮೇಜಿಗೆ ಒರಗಿ ನಿಂತಿದ್ದ. ಕಣ್ಣು ತೆರೆದೇ ಇತ್ತು, ಆದರೆ ಆಸಾಮಿ ಅಲ್ಲಿರಲಿಲ್ಲ. ಕೈಯ ಕೆಳಗೆ ಇಸ್ತ್ರಿ ಪೆಟ್ಟಿಗೆ, ಅದರ ಕೆಳಗೆ ಗಿರಾಕಿಯ ಬಿಳಿ ಅಂಗಿ ಹೊಗೆಯಾಡುತ್ತಿತ್ತು. ಓಡಿಹೋಗಿ ಪೆಟ್ಟಿಗೆ ಎತ್ತುವಷ್ಟರಲ್ಲಿ ಅವನು ನನ್ನ ಮೇಲೆಯೇ ಕುಸಿದ. ಸ್ವಲ್ಪ ಹೊತ್ತಿಗೆ ಎಚ್ಚರಾಗಿ, ತೂತಾದ ಅಂಗಿಯನ್ನು ನೋಡಿ, “ಬಟ್ಟೆ ಹಳೇದು ಅಕ್ಕಾ” ಎಂದ. ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿ ಒಂದು ಕರವಸ್ತ್ರವೂ ಸುಟ್ಟಿರಲಿಲ್ಲ.

ಮರುದಿನವೇ ಆಸ್ಪತ್ರೆಯಲ್ಲಿ ಅವನ ಭೇಟಿ ಇತ್ತು. ಈ ಸಲ ನಾನೂ ಹೊರಟೆ, ಒಳಗೂ ಹೋಗಿ ಕೂತೆ. ಡಾಕ್ಟರಮ್ಮ, “ತಲೆ ಸುತ್ತೋದು, ಎಚ್ಚರ ತಪ್ಪೋದು ಏನಾದ್ರೂ ಆಯ್ತಾ ಸಾರ್?” ಎಂದಳು.

“ಏನಿಲ್ಲ ಮೇಡಂ. ನಿಮ್ಮ ದಯದಿಂದ ಫಸ್ಟ್ ಕ್ಲಾಸ್.”

ನನಗೆ ಮೈಯೆಲ್ಲ ಉರಿದುಹೋಯಿತು. “ಲೋ, ಬಾಯಿ ಮುಚ್ಚೋ! ನಿನ್ನೆ ನನ್ನ ಮೇಲೆ ಬಿದ್ದೋನು ಯಾರು, ನಿನ್ನ ತಾತನಾ?” ಎಂದವಳೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಯಾಕೆ ಸಾರ್ ಹೇಳ್ಲಿಲ್ಲ?”

ತಮ್ಮ ನೆಲ ನೋಡುತ್ತಾ, “ನೀವು ನಮ್ಮ ಮನೆಯವರ ಕಾಯಿಲೆ ಕಂಡುಹಿಡಿದವರು ಮೇಡಂ. ಹಗಲೂ ರಾತ್ರಿ ಒದ್ದಾಡ್ತೀರ. ನಿಮ್ಮ ಔಷಧಿಗೆ ಕೆಟ್ಟ ಹೆಸರು ಬರಬಾರದು ಅಂತ...” ಎಂದ.

ಅವಳು ಬೈಯಲಿಲ್ಲ. ನಾನಾಗಿದ್ದರೆ ಚೆನ್ನಾಗಿ ಝಾಡಿಸುತ್ತಿದ್ದೆ. “ಸಾರ್, ನಿಮ್ಮ ಸಿರಿಂಜಲ್ಲಿ ಇರೋದು ಉಪ್ಪುನೀರೇ ಆಗಿದ್ರೆ? ಉಪ್ಪುನೀರು ತಗೊಂಡೋರೂ ಚೆನ್ನಾಗಿದ್ದಾರೆ ಅಂತ ಆಗುತ್ತೆ. ಹಾಗಾದ್ರೆ ಔಷಧಿ ಯಾಕೆ ಬೇಕು ಅಂತ ಅದನ್ನ ಮೂಲೆಗೆ ಎಸೀತಾರೆ. ಒಳ್ಳೆ ಹೆಸರು ಕೊಡೋಕೆ ಹೋಗಿ ನೀವು ಅದರ ಕತ್ತು ಹಿಸುಕ್ತಿದೀರ. ನಂಗೆ ನಿಮ್ಮ ಥ್ಯಾಂಕ್ಸ್ ಬೇಡ. ನಿಮಗೆ ಎಲ್ಲೆಲ್ಲಿ ಕಷ್ಟ ಆಗುತ್ತೆ, ಅದು ಬೇಕು.”

ತಮ್ಮ ಮೆಲ್ಲಗೆ ಬಾಯಿ ಬಿಟ್ಟ. ಕಾಲು, ಉಸಿರು, ಹಸಿವಿಲ್ಲದ್ದು, ಮಲಗಿದರೆ ಉಸಿರು ಕಟ್ಟುತ್ತದೆಂದು ಹೆಂಡತಿಗೆ ತಿಳಿಯದ ಹಾಗೆ ರಾತ್ರಿ ಎದ್ದುಬಂದು ಕುರ್ಚಿಯಲ್ಲೇ ನಿದ್ದೆ ಮಾಡುವುದು, ಶೌಚಾಲಯದ ಗೋಡೆ. ಡಾಕ್ಟರಮ್ಮ ಏನನ್ನೂ ಅಳಿಸದೆ, ಮೊದಲಿನ ಉತ್ತರಗಳ ಪಕ್ಕದಲ್ಲೇ ಇವನ್ನೂ ಬರೆದುಕೊಂಡು, ನಡೆದದ್ದನ್ನು ನಡೆದ ಹಾಗೆ ಮೇಲಿನವರಿಗೆ ತಿಳಿಸಿದಳು. ಅವನನ್ನು ಆವತ್ತೇ ವಾರ್ಡಿಗೆ ಸೇರಿಸಿದರು. ಎದೆಗೆ ತಂತಿ ಅಂಟಿಸಿ ನೋಡಿದರೆ ಅವನ ಹೃದಯ ನಡುನಡುವೆ ಬಡಿಯುವುದನ್ನೇ ಮರೆತು ನಿಲ್ಲುತ್ತಿತ್ತು. ಆ ಗಂಜಿ ಮಿಡಿತದ ದಾರಿಗೂ ಅಡ್ಡ ಬಂದಿತ್ತು. ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಅದನ್ನು ಕೂರಿಸಿದ ಡಾಕ್ಟರು ಹೇಳಿದರು. ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ.

ಆಮೇಲೆ ಅವನು ಪ್ರಯೋಗ ಬಿಡಲಿಲ್ಲ. ಬಿಡಬಹುದು ಎಂದು ಹೇಳಿದರೂ ಬಿಡಲಿಲ್ಲ. ಈಗ ಮೊಗಸಾಲೆಯಲ್ಲಿ ಅವನು ತನ್ನ ನಡಿಗೆಯನ್ನೇ ನಡೆಯುತ್ತಿದ್ದ. ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಒಂದು ಸಲ ಕೊನೆಯ ಗುರುತಿನವರೆಗೆ ಹಲವು ಸುತ್ತು ಹೋಗಿಬಂದವನು ಮುಂದಿನ ಸಲ ನಡುವೆ ನಿಂತ. ಅದರ ಮುಂದಿನ ಸಲ ಇನ್ನೂ ಬೇಗ ನಿಂತ. ನಿಂತಾಗ ಸೊಂಟಕ್ಕೆ ಕೈಕೊಟ್ಟು ನನ್ನ ಕಡೆ ನೋಡುತ್ತಿದ್ದ. ಓಡಿಹೋಗಿ ಕೈ ಹಿಡಿಯಬೇಕು ಎನ್ನಿಸುತ್ತಿತ್ತು, ಆದರೆ ಜೊತೆಗೆ ಯಾರೂ ನಡೆಯಬಾರದೆಂಬುದು ಅಲ್ಲಿಯ ನಿಯಮ. ಬೆಂಚು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ಮನೆಗೆ ಬಂದು ಅವನ ಹೆಂಡತಿಯ ಮುಂದೆ ಅಳುತ್ತಿದ್ದೆ.

ಪ್ರಯೋಗ ಮುಗಿದು, ಯಾರಿಗೆ ಯಾವುದು ಎಂದು ತೆರೆದು ನೋಡುವ ದಿನ ಬಂತು. ಡಾಕ್ಟರಮ್ಮ ಬಾಗಿಲು ಹಾಕಿ, ಕೂರದೆ ನಿಂತೇ ಹೇಳಿದಳು.

“ಔಷಧಿ ಕೆಲಸ ಮಾಡಿದೆ. ತಗೊಂಡವರು ಹೆಚ್ಚು ಜನ ಬದುಕಿದ್ದಾರೆ, ಚೆನ್ನಾಗಿ ಬದುಕಿದ್ದಾರೆ. ಸಾರ್, ನಿಮಗೆ ಸಿಕ್ಕಿದ್ದು ಉಪ್ಪುನೀರು.”

ನನ್ನ ಕೋಪ ನೆತ್ತಿಗೇರಿತು. “ಇಷ್ಟು ದಿನ ನನ್ನ ತಮ್ಮನಿಗೆ ನೀರು ಚುಚ್ಚಿ, ಅವನು ಕರಗೋದನ್ನ ನೋಡ್ತಾ ಕೂತಿದ್ರಾ? ನಿಮಗೆ ಅಕ್ಕತಂಗಿ, ಅಣ್ಣತಮ್ಮ ಯಾರೂ ಇಲ್ವಾ?” ಎಂದು ಕೂಗಾಡಿದೆ. ಅವಳ ಕಣ್ಣು ತುಂಬಿತ್ತು. ತಮ್ಮನೇ ನನ್ನ ಸೆರಗು ಜಗ್ಗಿ ಕೂರಿಸಿದ.

“ಅಕ್ಕಾ, ಯಾರಾದ್ರೂ ಈ ಕಡೆ ನಿಲ್ಲಬೇಕಿತ್ತಲ್ಲ. ಈ ಕಡೆ ಯಾರೂ ಇಲ್ಲದೆ ಆ ಕಡೆಯವರು ಚೆನ್ನಾಗಿದ್ದಾರೆ ಅಂತ ಹೆಂಗೆ ಗೊತ್ತಾಗುತ್ತೆ?” ಎಂದವನು ಡಾಕ್ಟರಮ್ಮನ ಕಡೆ ತಿರುಗಿ, “ಮೇಡಂ, ನಾನು ಮೊದಮೊದಲು ಹೇಳಿದ ಸುಳ್ಳಿಂದ ಏನೂ ಹಾಳಾಗ್ಲಿಲ್ಲ ತಾನೆ?” ಎಂದು ಕೇಳಿದ.

“ಇಲ್ಲ ಸಾರ್. ಆಮೇಲೆ ನೀವು ನಡೆದ ಒಂದೊಂದು ಹೆಜ್ಜೇನೂ ಲೆಕ್ಕಕ್ಕೆ ಬಂತು. ನೀವು ನಿಂತಿದ್ದೂ ಬಂತು” ಎಂದಳು ಅವಳು. ಆಮೇಲೆ ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದಳು. ಅಷ್ಟು ಓದಿದ ಹುಡುಗಿ, ನಮ್ಮ ಆಯ್ತಪ್ಪನಿಗೆ! ಅವನಿಗೆ ಎತ್ತ ನೋಡಬೇಕೆಂದೇ ತಿಳಿಯಲಿಲ್ಲ.

ಅದೇ ವಾರದಿಂದ ಅವನಿಗೆ ನಿಜವಾದ ಔಷಧಿ ಶುರುವಾಯಿತು. ಕಳೆದುಕೊಂಡದ್ದು ತಿರುಗಿ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಕೋಟುಗಳೂ ಈಗ ನನ್ನ ಮೇಜಿಗೇ ಬರುತ್ತವೆ. ಆದರೆ ಅವನ ಇಳಿಜಾರು ನಿಂತಿದೆ. ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಮಾತು ಕೊಡುತ್ತಾನೆ, ನಾನು ಒಳಗಿಂದ ಬೈಯುತ್ತೇನೆ. ಅವನು ಅಲ್ಲಿ ಕೂತಿದ್ದಾನೆ ಎಂಬುದೇ ನನಗೆ ದೊಡ್ಡ ಭಾಗ್ಯ.

ಈ ವರ್ಷದ ತಪಾಸಣೆಯಲ್ಲಿ ನನ್ನ ಹೃದಯವೂ ಮಸುಕಾಗಿ ಹೊಳೆಯಲು ಶುರುವಾಗಿರುವುದು ಕಂಡಿತು. ನಾನು ಹೆದರಲಿಲ್ಲ ಎಂದರೆ ಸುಳ್ಳು. ಆದರೆ ನನಗೆ ಔಷಧಿಯೋ ಉಪ್ಪುನೀರೋ ಎಂದು ಚೀಟಿ ಎತ್ತುವ ಗೊಡವೆ ಇರಲಿಲ್ಲ. ಔಷಧಿ ಈಗ ಎಲ್ಲರಿಗೂ ಸಿಗುತ್ತದೆ. ಮೊದಲ ಇಂಜೆಕ್ಷನ್ನಿಗೆ ತಮ್ಮ ಬೇಡವೆಂದರೂ ಕೇಳದೆ ಜೊತೆಗೆ ಬಂದ. ಅಪ್ಪ ಇದೇ ಕಾಯಿಲೆ ಹೊತ್ತು, ಅದರ ಹೆಸರೂ ತಿಳಿಯದೆ ಹೋದರು. ತಮ್ಮನಿಗೆ ಅರ್ಧ ಉಸಿರು ಕಳೆದುಕೊಂಡ ಮೇಲೆ ಔಷಧಿ ಸಿಕ್ಕಿತು. ನನಗೆ ಮಾತ್ರ ಒಂದು ಮೆಟ್ಟಿಲಿಗೂ ಏದುಸಿರು ಬರುವ ಮುಂಚೆಯೇ ನರ್ಸು ತೋಳು ಒರೆಸಿ ಚುಚ್ಚಿದಳು.

ಹುಟ್ಟಿದಾಗಿನಿಂದ ಅವನಿಗೆ ಬೈದದ್ದು ಬಿಟ್ಟು ಬೇರೆ ಮಾತು ಆಡಿ ನನಗೆ ಅಭ್ಯಾಸವಿಲ್ಲ. ಆದರೂ, “ಇದು ನೀನು ನಡೆದು ನಡೆದು ನಂಗೆ ತಂದುಕೊಟ್ಟಿದ್ದು ಕಣೋ” ಎಂದೆ.

ಅವನು ನರ್ಸು ನನ್ನ ತೋಳಿನ ಮೇಲಿಟ್ಟ ಹತ್ತಿಯನ್ನು ತಾನೇ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡ. ರಕ್ತ ಯಾವಾಗಲೋ ನಿಂತಿತ್ತು. ಅವನೂ ಬಿಡಲಿಲ್ಲ, ನಾನೂ ಬಿಡು ಎನ್ನಲಿಲ್ಲ.